ದೊಡ್ಡಿ ಪುಸ್ತಕದ ಸಹಿ

ತಾಲುಸಿ ದ್ವೀಪ, ಪಲಾವಾನ್
2 ಜೂನ್ 2022

ತಮ್ಮಾ ಪುಲೋ,

ನಿನ್ನ ಭಾವ ಸೀಸೋ ತೀರಿಕೊಂಡ ದಿನ ನೀನು ಫೋನಿಗೆ ಒಂದು ಹೂವಿನ ಚಿತ್ರ ಕಳಿಸಿದ್ದೆ. ಅದರ ಕೆಳಗೆ, "ಅಕ್ಕಾ, ಈ ವಿಷಯ ಆಫೀಸ್ ಫೋನಿಗೆ ಬರೀಬೇಡ, ನಾಲ್ಕು ಜನ ನೋಡ್ತಾರೆ, ಕಾಗದ ಹಾಕು" ಅಂತ. ಒಂಬತ್ತು ದಿನದ ಪ್ರಾರ್ಥನೆ ಮುಗಿಯಿತು. ಬಂದವರಿಗೆಲ್ಲ ಕಾಫಿ, ಬಿಸ್ಕತ್ತು ಕೊಟ್ಟು, ಲೋಟ ತೊಳೆದಿಟ್ಟು, ಈಗ ಕಾಗದ ಹಾಕುತ್ತಿದ್ದೇನೆ.

ನಡೆದದ್ದನ್ನು ನೆಟ್ಟಗೆ ಹೇಳುತ್ತೇನೆ. ಮೇ ಹತ್ತೊಂಬತ್ತು, ಬೆಳಗಿನ ಏಳೂವರೆ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಸೀಸೋ ನಮ್ಮ ಹಸಿರು ಬಾಂಕಾ ದೋಣಿ ತೆಗೆದುಕೊಂಡು ಒಬ್ಬನೇ ಪಡುವಣ ದಿಕ್ಕಿಗೆ ಹೋಗಿದ್ದ. ದೂರದಲ್ಲಿ ಬಲೆ ಎಳೆಯುತ್ತಿದ್ದ ಇಂಗ್ಗೋಗೆ ಗುಡುಗು ಕೇಳಿಸಿತಂತೆ. "ಮೋಡಾನೇ ಇಲ್ಲ, ಇದ್ಯಾವ ಗುಡುಗಪ್ಪಾ ಅಂತ ತಲೆ ಎತ್ತಿದೆ ಅಕ್ಕಾ. ಬೆಂಕಿ ಬಾಲದ್ದು ಒಂದು ದೊಡ್ಡದು, ಹಿಂದೆ ನಾಕು ಚಿಕ್ಕವು, ಸುಯ್ ಅಂತ ಬಂದ್ವು" ಅಂದ. ಅವನು ಹೋಗಿ ನೋಡುವಷ್ಟರಲ್ಲಿ ಬಾಂಕಾ ನಡುವಿಗೆ ಎರಡಾಗಿತ್ತು. ಸೀಳಿದ ಅಂಚು ಸುಟ್ಟು ಕರಿಯಾಗಿತ್ತು. ಸೀಸೋನ ಬೆನ್ನೂ ಹಾಗೇ ಆಗಿತ್ತು. ಇಷ್ಟೇ ಬರೆಯುತ್ತೇನೆ. ಉಳಿದದ್ದನ್ನು ನಾನೇ ತೊಳೆದಿದ್ದೇನೆ.

ಪಟ್ಟಣದಿಂದ ತನಿಖೆಗೆ ಇಬ್ಬರು ಬಂದರು. ದೋಣಿ ಸುಟ್ಟಿದೆ, ಮನುಷ್ಯ ಸುಟ್ಟಿದ್ದಾನೆ, ಇನ್ನೇನು ಬೇಕು? ಮದ್ದು ಹಾಕಿ ಮೀನು ಹಿಡಿಯುವಾಗ ಕೈಯಲ್ಲೇ ಸಿಡಿದಿದೆ ಎಂದು ಬರೆದುಕೊಂಡು, ನಾನೇ ಕೊಟ್ಟ ಎಳನೀರು ಕುಡಿದು ಹೋದರು. ಇಂಗ್ಗೋ ಆಕಾಶದ ಕಡೆ ಕೈ ತೋರಿಸಿದರೆ, "ಬೆಳಿಗ್ಗೆ ಬೆಳಿಗ್ಗೇನೇ ಎಷ್ಟು ಏರಿಸಿದ್ದೆ ಮಾರಾಯಾ?" ಅಂತ ನಕ್ಕರು.

ಸೀಸೋ ಮದ್ದು ಹಾಕುವವನೇ? ಹನ್ನೊಂದು ವರ್ಷ ಸಂಬಳವಿಲ್ಲದೆ ಸಮುದ್ರ ಕಾವಲಿಗೆ ನಿಂತವನು. ಮದ್ದು ಹಾಕುತ್ತಿದ್ದ ನಾಲ್ವರನ್ನು ಹಿಡಿದುಕೊಟ್ಟವನು. ಜೆಟ್ಟಿಯ ಹತ್ತಿರ ಅಂಥವರ ಹೆಸರು ಬರೆಯುವ ಹಲಗೆ ಇದೆಯಲ್ಲ, ಅದನ್ನು ಕೊಯ್ದು ಬಣ್ಣ ಬಳಿದು ಮೊಳೆ ಹೊಡೆದವನು ಅವನೇ. ಹಲಗೆಯಲ್ಲಿ ಹೆಸರಿರುವ ಮನೆಯ ಮೀನನ್ನು ಯಾರೂ ತೂಗಬಾರದು, ಆ ಮನೆಯವರ ಜೊತೆ ಯಾರೂ ದೋಣಿ ಹತ್ತಬಾರದು ಎಂಬ ನಿಯಮ ಮಾಡಿಸಿದವನೂ ಅವನೇ. ಮೊನ್ನೆ ಮೀನುಗಾರರ ಸಂಘದವರು ಅದೇ ಹಲಗೆಯ ಐದನೆಯ ಸಾಲಿಗೆ ಕೆಂಪು ಬಣ್ಣದಲ್ಲಿ ಅವನ ಹೆಸರು ಬರೆದರು. ಅವರನ್ನು ಬಯ್ಯಲಾರೆ. ತನಿಖೆಯ ಕಾಗದ ಬಂದರೆ ಬರೆಯಲೇಬೇಕು. ಅಳಿಸಬೇಕಾದರೆ ಇನ್ನೊಂದು ಕಾಗದ ಬೇಕು, ಅದರ ಮೇಲೆ ನಮ್ಮ ಸಂಬಂಧಿಕರಲ್ಲದ, ದ್ವೀಪದ ಹೊರಗಿನವರ ಸಹಿ ಬೇಕು.

ಮೇಲಿನಿಂದ ಬಿದ್ದದ್ದು ಯಾರದ್ದು ಎಂದು ಕೇಳುವ ಕೆಲಸಕ್ಕೇ ಸರ್ಕಾರ ನಿನ್ನನ್ನು ವಿಯೆನ್ನಾದಲ್ಲಿ ಕೋಟು ಹಾಕಿಸಿ ಕೂರಿಸಿದೆ. ಕೇಳು. ನನಗೆ ದುಡ್ಡು ಬೇಡ. ಒಂದು ಸಾಲು ಬೇಕು: "ಇದು ನಮ್ಮದು, ಇಂಥ ದಿನ ನಿಮ್ಮಲ್ಲಿ ಬಿತ್ತು."

ನಿನ್ನ ಅಕ್ಕ,
ಹೆರ್ಮೀನ್ಯಾ


ವಿಯೆನ್ನಾ
11 ಜುಲೈ 2022

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಓದಿ ಮನಸ್ಸು ಭಾರವಾಯಿತು. ಭಾವನ ಆತ್ಮಕ್ಕೆ ಇಲ್ಲಿನ ದೊಡ್ಡ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಅಂತರರಾಷ್ಟ್ರೀಯ ಕಾನೂನು ನಿನ್ನ ಪರವಾಗಿಯೇ ಇದೆ. ರಾಕೆಟ್ ಹಾರಿಸಿದ ದೇಶವೇ ಅದರ ಚೂರು ಬಿದ್ದು ಆದ ಹಾನಿಗೆ ಹೊಣೆ ಎಂದು ಐವತ್ತು ವರ್ಷದ ಹಿಂದೆಯೇ ಒಪ್ಪಂದವಾಗಿದೆ. ಆದರೆ ಕೇಳುವವರು ನೀನಲ್ಲ, ನಾನೂ ಅಲ್ಲ, ನಮ್ಮ ಸರ್ಕಾರ. ಘಟನೆ ನಡೆದ ದಿನದಿಂದ ಒಂದು ವರ್ಷದ ಒಳಗೆ ಕೇಳಬೇಕು. ಒಂದು ವರ್ಷ ಎಂದರೆ ಧಾರಾಳ ಕಾಲ, ಆತುರ ಬೇಡ.

ಇಲ್ಲಿನ ಬಾಹ್ಯಾಕಾಶ ಸಮಿತಿಯ ರೀತಿ ನಿನಗೆ ತಿಳಿಯದು. ನೂರು ದೇಶಗಳು ಕೂತಿರುತ್ತವೆ, ಎಲ್ಲರೂ ಒಪ್ಪಿದರೆ ಮಾತ್ರ ಒಂದು ಸಾಲು ಹುಟ್ಟುತ್ತದೆ. ಒಬ್ಬರು ಕತ್ತು ಅಲ್ಲಾಡಿಸಿದರೂ ಮುಗಿಯಿತು. ಹಾಗಾಗಿ ನಾವು ಯಾರ ಹೆಸರನ್ನೂ ಹೇಳುವುದಿಲ್ಲ. ಆ ದಿನ ರಾಕೆಟ್ ಹಾರಿಸಿದ ದೇಶವನ್ನು ನಾನು ಈ ಕಾಗದದಲ್ಲೂ ಮಿತ್ರ ರಾಷ್ಟ್ರ ಎಂದೇ ಕರೆಯುತ್ತೇನೆ. ದಯವಿಟ್ಟು ನೀನೂ ಹಾಗೇ ಬರೆ.

ಗುರುತು ಇರುವ ಚೂರೇನಾದರೂ ಉಳಿದಿದೆಯೇ? ಸಾಕ್ಷ್ಯವಿಲ್ಲದೆ ಇಂಗ್ಗೋನ ಗುಡುಗನ್ನು ನಂಬಿಕೊಂಡು ರಾಜಧಾನಿಯ ಇಲಾಖೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ.

ಇಂತು ನಿನ್ನ ತಮ್ಮ,
ಕ್ರಿಸ್ಪೂಲೋ


ತಾಲುಸಿ
16 ಆಗಸ್ಟ್ 2022

ಪುಲೋ,

ಹೆಸರು ಹೇಳಬಾರದಂತೆ! ಸರಿ, ನಿನ್ನ ಮಿತ್ರರು ಎನ್ನುತ್ತೇನೆ. ನನ್ನ ಗಂಡನ ತಲೆಯ ಮೇಲೆ ಮಿತ್ರರು ಬಿದ್ದರು. ಓದಲು ಚೆನ್ನಾಗಿದೆಯೇ?

ಚೂರು ಉಳಿದಿದೆ. ಇದನ್ನು ನಿನಗೆ ಒಬ್ಬನಿಗೇ ಹೇಳುತ್ತಿದ್ದೇನೆ, ಪಟ್ಟಣದ ತನಿಖೆಯವರಿಗೂ ಹೇಳಿಲ್ಲ. ಹೇಳಿದರೆ ತೂಕಕ್ಕೆ ಹಾಕಿ ಮಾರಿಬಿಡುತ್ತಾರೆ. ಆ ದಿನ ಇಂಗ್ಗೋ ಸೀಸೋನನ್ನು ದಡಕ್ಕೆ ತಂದ ಮೇಲೆ ಮತ್ತೆ ಹೋಗಿ ಹುಡುಕಿದ್ದ. ಬಾಗಿಲಿನಷ್ಟು ಅಗಲದ ಬಿಳಿಯ ಹಲಗೆ, ಬಿಲ್ಲಿನಂತೆ ಬಾಗಿದೆ, ಮುರಿದ ಕಡೆ ನೋಡಿದರೆ ಒಳಗೆಲ್ಲ ಜೇನುಹುಟ್ಟಿನ ಹಾಗೆ ತೂತು. ಮೇಲೆ ಅರ್ಧ ಅಳಿಸಿದ ಅಕ್ಷರ, ಒಂದು ಸಂಖ್ಯೆ. ಅಂಚಿಗೆ ನಮ್ಮ ಬಾಂಕಾದ ಹಸಿರು ಬಣ್ಣ ಅಂಗೈಯಗಲ ಉಜ್ಜಿಕೊಂಡಿದೆ. ಆ ಬಣ್ಣ ಕಲಸಿದ್ದು ನಾನು, ನನಗೆ ಗೊತ್ತು.

ಅದನ್ನು ಎಲ್ಲಿಟ್ಟಿದ್ದೇವೆ ಗೊತ್ತೇ? ನೀರಿನಲ್ಲಿ. ತೇಲುವುದು ಏನು ಸಿಕ್ಕಿದರೂ ಇಂಗ್ಗೋ ಮೀನು ಸೇರಿಸಲು ಪಯಾವ್ ಕಟ್ಟುತ್ತಾನಲ್ಲ, ಇದನ್ನೂ ಕಟ್ಟಿದ. ಕಲ್ಲು ಕಟ್ಟಿ, ಹಗ್ಗ ಇಳಿಸಿ, ಕೆಳಗೆ ತೆಂಗಿನ ಗರಿ ಜೋತುಬಿಟ್ಟ. ನೆರಳಿಗೆ ಮೀನು ಬರತೊಡಗಿವೆ. ನಿನ್ನ ಮಿತ್ರರ ಆಕಾಶದ ಹಲಗೆಯ ಕೆಳಗೆ ಈಗ ಟ್ಯೂನಾ ಮರಿಗಳು ಸಂಸಾರ ಹೂಡಿವೆ. ಹುಡುಕಿಕೊಂಡು ಬಂದವರಿಗೂ ಅದು ಎಲ್ಲರ ಪಯಾವ್‌ನಂತೆ ಒಂದು ಪಯಾವ್ ಅಷ್ಟೇ. ನಮ್ಮಲ್ಲಿ ಪಯಾವ್‌ಗೆ ಇರುವುದು ಒಂದೇ ಕಾನೂನು, ಕಟ್ಟಿದವನೇ ಕಳಚಬೇಕು. ಹಗ್ಗ ಕೊಳೆತು ತೇಲಿಹೋಗಿ ಯಾರ ದೋಣಿಗಾದರೂ ಬಡಿದರೆ ಕಟ್ಟಿದವನೇ ಹೋಗಿ ಆ ಮನೆಯ ಮೆಟ್ಟಿಲ ಮೇಲೆ ಕೂರಬೇಕು. ಇದಕ್ಕೆ ನೂರು ದೇಶ ಸೇರಿರಲಿಲ್ಲ. ಇಂಗ್ಗೋನ ಅಪ್ಪ ಒಂದು ಮಧ್ಯಾಹ್ನ ಮೀನು ಸುಡುತ್ತಾ ಹೇಳಿದ್ದು.

ನಾನು ಈಗಲೂ ಬಾರಂಗಾಯ್ ಪಂಚಾಯಿತಿಯ ಕಾರ್ಯದರ್ಶಿ. ಹಲಗೆಯಲ್ಲಿ ಹೆಸರು ಬಂದವರ ಹೆಂಡತಿಗೆ ಬರೆಯುವ ಕೆಲಸ ಬೇಡವೆಂದು ನಿಯಮವಿಲ್ಲ, ಅದನ್ನು ಸೇರಿಸಲು ಸೀಸೋ ಮರೆತಿದ್ದ. ಹೋದ ವಾರ ಒಂದು ಹಂದಿ ಯಾರದ್ದೋ ಗೆಣಸು ಕಿತ್ತು ತಿಂದು ದೊಡ್ಡಿಗೆ ಬಂತು. ಅದರ ಯಜಮಾನಿ ಬಂದು ದೊಡ್ಡಿ ಪುಸ್ತಕದಲ್ಲಿ "ಹಂದಿ ನನ್ನದು, ಗೆಣಸು ತಿಂದದ್ದು ನಿಜ" ಎಂದು ಸಹಿ ಹಾಕಿ ಬಿಡಿಸಿಕೊಂಡು ಹೋದಳು. ಆಗ ನಿನ್ನ ಮೇಕೆ ನೆನಪಾಯಿತು. ಮೇಷ್ಟರ ಕೋಸು ತಿಂದಿತ್ತಲ್ಲ? ಸಹಿ ಹಾಕಬೇಕೆಂದು ಹೆದರಿ ನೀನು, "ಈ ಮೇಕೆ ನಂದಲ್ಲ, ನಾನು ನೋಡೇ ಇಲ್ಲ" ಅಂದುಬಿಟ್ಟೆ. ಅದು ನಿನ್ನ ದನಿ ಕೇಳಿ ಮೂರು ದಿನ ದೊಡ್ಡಿಯಲ್ಲಿ ಅರಚುತ್ತಿತ್ತು.

ಸಾಕ್ಷ್ಯ ಕೇಳಿದ್ದೆ, ಇದೆ. ಮುಂದಿನದು ನಿನ್ನದು.

ಹೆರ್ಮೀನ್ಯಾ


ವಿಯೆನ್ನಾ
3 ಅಕ್ಟೋಬರ್ 2022

ಪ್ರೀತಿಯ ಅಕ್ಕನಿಗೆ,

ಚೂರು ಸಿಕ್ಕಿದ್ದು ಸಂತೋಷ. ಅದನ್ನು ಸಮುದ್ರದಲ್ಲಿ ಕಟ್ಟಿದ್ದು ಓದಿ ಗಾಬರಿಯಾಯಿತು. ಅಕ್ಕಾ, ಕಾನೂನಿನ ಪ್ರಕಾರ ಅದು ಇವತ್ತಿಗೂ ಹಾರಿಸಿದವರ ಸ್ವತ್ತು. ಎಲ್ಲಿ ಬಿದ್ದರೂ, ಯಾರಿಗೆ ಸಿಕ್ಕರೂ, ಅವರು ಕೇಳಿದರೆ ಹಿಂತಿರುಗಿಸಬೇಕು. ಕೇಳುವವರು ಅದು ತಮ್ಮದೆಂದು ಗುರುತು ಹೇಳಬೇಕು ಎಂಬುದೂ ಉಂಟು, ಆದರೆ ಅದನ್ನು ಯಾರೂ ಅಷ್ಟಾಗಿ ಒತ್ತಾಯಿಸುವುದಿಲ್ಲ.

ನಿನ್ನ ವಿಷಯವನ್ನು ನಾನು ಮರೆತಿಲ್ಲ. ಸೂಕ್ತ ಸಮಯಕ್ಕೆ ಕಾಯುತ್ತಿದ್ದೇನೆ. ಒಂದು ಶುಭ ಸುದ್ದಿ ಇದೆ. ಚಂದ್ರನಲ್ಲಿ, ಚಿಕ್ಕ ಗ್ರಹಗಳಲ್ಲಿ ಗಣಿಗಾರಿಕೆ ಬಂದಾಗ ಯಾರು ಎಲ್ಲಿ ಅಗೆಯಬಹುದು, ಅಗೆದದ್ದು ಯಾರಿಗೆ ಸೇರಬೇಕು ಎಂಬುದಕ್ಕೆ ತತ್ವಗಳನ್ನು ರೂಪಿಸುವ ಕಾರ್ಯತಂಡದ ಅಧ್ಯಕ್ಷತೆಗೆ ನನ್ನ ಹೆಸರು ಓಡಾಡುತ್ತಿದೆ. ನಮ್ಮಂಥ ದೇಶಕ್ಕೆ ಇದು ಸಣ್ಣ ಗೌರವವಲ್ಲ. ಇದಕ್ಕೂ ಎಲ್ಲರ ಒಪ್ಪಿಗೆ ಬೇಕು, ಮಿತ್ರ ರಾಷ್ಟ್ರದ್ದೂ. ಅಧ್ಯಕ್ಷನಾದ ಮೇಲೆ ನನ್ನ ಮಾತಿಗೆ ತೂಕ ಬರುತ್ತದೆ, ಆಗ ಭಾವನ ವಿಷಯ ಎತ್ತುವುದು ಸುಲಭ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಚಳಿ ಶುರುವಾಗಿದೆ. ಹೊಸ ಕೋಟು ಕೊಂಡೆ.

ಕ್ರಿಸ್ಪೂಲೋ


ತಾಲುಸಿ
12 ನವೆಂಬರ್ 2022

ಅಧ್ಯಕ್ಷರೇ,

ಚಂದ್ರನಲ್ಲಿ ಯಾರು ಅಗೆಯಬೇಕು ಎಂದು ಹೇಳುವವನು ನೀನೇ? ನಮ್ಮ ಹಿತ್ತಲಲ್ಲಿ ಬಾಳೆಗಿಡಕ್ಕೆ ಗುಂಡಿ ತೋಡು ಅಂದರೆ ಅಂಗೈ ನೋಡಿಕೊಂಡು ಅಳುತ್ತಿದ್ದವನು! ಊಟದ ಹೊತ್ತಿಗೆ ಇಂಗ್ಗೋಗೆ ಓದಿ ಹೇಳಿದೆ. ಅವನು ಒಣಮೀನು ಬಾಯಿಗೆ ಹಾಕಿಕೊಂಡವನು ನಗಲೂ ಆಗದೆ ನುಂಗಲೂ ಆಗದೆ ಒದ್ದಾಡಿದ. "ಅಕ್ಕಾ, ಅಲ್ಲಿಗೆ ಇನ್ನೂ ಒಬ್ನೂ ಗುದ್ದಲಿ ತಗೊಂಡು ಹೋಗಿಲ್ಲ, ಆಗ್ಲೇ ಪಾಲು ಮಾಡ್ಕೊಳ್ತಾ ಇದಾರಾ? ಇಲ್ಲಿ ಬಿದ್ದಿರೋದನ್ನ ಎತ್ಕೊಳ್ಳೋಕೆ ಮಾತ್ರ ಒಬ್ನೂ ಇಲ್ಲ!" ಅಂದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬರೆದಿದ್ದೀಯ. ಸತ್ತದ್ದು ಹಾವಲ್ಲ ಕಣೋ.

ಇಲ್ಲಿಯ ಸುದ್ದಿ ಕೇಳು. ಸೀಸೋ ಹಿಡಿದುಕೊಟ್ಟ ನಾಲ್ವರಲ್ಲಿ ಒಬ್ಬ ಜೆಟ್ಟಿಯಲ್ಲಿ ನಿಂತು, "ಬನ್ನಿ ಅತ್ತಿಗೆ, ಈಗ ನಾವು ನೀವು ಒಂದೇ ಹಲಗೆ" ಅಂದ. ಕೈಯಲ್ಲಿದ್ದ ಮೀನಿನ ಬುಟ್ಟಿ ಅವನ ತಲೆಗೇ ಹೋಗುತ್ತಿತ್ತು. ಬುಟ್ಟಿ ಖಾಲಿ ಇತ್ತು ಎಂದು ಬಿಟ್ಟೆ. ನಾನು ಒಣಗಿಸಿದ ಮೀನನ್ನು ಯಾರೂ ತೂಗುವುದಿಲ್ಲ. ಇಂಗ್ಗೋ ತನ್ನ ಬುಟ್ಟಿಯಲ್ಲಿ ಸೇರಿಸಿಕೊಳ್ಳುತ್ತೇನೆ ಅಂದ, ನಾನೇ ಬೇಡವೆಂದೆ. ಸೀಸೋ ಮಾಡಿದ ನಿಯಮವನ್ನು ಸೀಸೋನ ಹೆಂಡತಿ ಕದ್ದು ಮುರಿಯುವುದೇ?

ಆರು ತಿಂಗಳು ಹೋಯಿತು. ಇನ್ನು ಆರು ತಿಂಗಳಿದೆ. ನಿನಗೆ ಲೆಕ್ಕ ಬರುತ್ತದಲ್ಲವೇ?

ಹೆರ್ಮೀನ್ಯಾ


ವಿಯೆನ್ನಾ
24 ಫೆಬ್ರವರಿ 2023

ಅಕ್ಕಾ,

ಉತ್ತರ ತಡವಾಯಿತು, ಅಧಿವೇಶನ ನಡೆಯುತ್ತಿತ್ತು. ಈ ಸಲ ನಿನಗೆ ಹೇಳಿಕೊಳ್ಳುವಂಥದ್ದನ್ನು ಸಾಧಿಸಿದ್ದೇನೆ.

ಮೊದಲನೆಯದು, ಬಾಹ್ಯಾಕಾಶದ ಕಸದ ಚರ್ಚೆಯಲ್ಲಿ ನಾನು ಹತ್ತು ನಿಮಿಷ ಮಾತಾಡಿದೆ. ನೀನು ಬರೆದಿದ್ದ ಪಯಾವ್ ನಿಯಮವನ್ನು ಹೇಳಿದೆ: "ಕಟ್ಟಿದವನೇ ಕಳಚಬೇಕು, ಇದು ನಮ್ಮ ಪೂರ್ವಿಕರ ಜ್ಞಾನ." ಸಭೆ ಚಪ್ಪಾಳೆ ತಟ್ಟಿತು. ಮಿತ್ರ ರಾಷ್ಟ್ರದ ನಿಯೋಗದ ಮುಖ್ಯಸ್ಥರೇ ಎದ್ದು ಬಂದು ಕೈ ಕುಲುಕಿದರು. ಆಮೇಲೆ ಇಬ್ಬರೂ ಕಾಫಿಗೆ ಹೋದೆವು. ಬಹಳ ಸಜ್ಜನ ಮನುಷ್ಯ.

ಎರಡನೆಯದು ಮುಖ್ಯ. ಅಧಿವೇಶನದ ವರದಿಯಲ್ಲಿ, ನೂರ ನಲವತ್ತೇಳನೆಯ ಪರಿಚ್ಛೇದವಾಗಿ, ಈ ಸಾಲನ್ನು ಸೇರಿಸಿದ್ದೇವೆ: "ಬಾಹ್ಯಾಕಾಶ ವಸ್ತುಗಳ ಮರಳುವಿಕೆಯು ಕೆಲವು ಸಂದರ್ಭಗಳಲ್ಲಿ ಕರಾವಳಿ ಸಮುದಾಯಗಳ ಜೀವನೋಪಾಯದ ಮೇಲೆ ಪರಿಣಾಮ ಬೀರಬಹುದು ಎಂಬ ಅಭಿಪ್ರಾಯ ವ್ಯಕ್ತವಾಯಿತು." ಇದಕ್ಕಾಗಿ ಮೂರು ದಿನ ಗುದ್ದಾಡಿದ್ದೇವೆ. ಅಕ್ಕಾ, ಇದು ಭಾವನ ಸಾಲು. ನಿನಗೆ ಬೇಕಾಗಿದ್ದ ಆ ಒಂದು ಸಾಲು. ವರದಿಯ ಪ್ರತಿ ಇಟ್ಟಿದ್ದೇನೆ, ಸಂಘದವರಿಗೆ ತೋರಿಸು.

ಕ್ರಿಸ್ಪೂಲೋ


ತಾಲುಸಿ
30 ಮಾರ್ಚ್ 2023

ಪುಲೋ,

ತೋರಿಸಿದೆ. ನಿನ್ನ ಮಾತು ನಂಬಿ, ಶುಭ್ರ ಬಟ್ಟೆ ಉಟ್ಟು, ಸಂಘದ ಸಭೆಯಲ್ಲಿ ನಿಂತು ನೂರ ನಲವತ್ತೇಳನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿಸಿದ ಮೇಲೂ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಇನ್ನೂ ಏನೋ ಬರುತ್ತದೆ ಎಂದು. ಕೊನೆಗೆ ನಮ್ಮ ಬಾರಂಗಾಯ್ ಮುಖ್ಯಸ್ಥರಾದ ಕ್ಯಾಪ್ಟನ್ ಉರ್ಬಾನೋ ಮೆಲ್ಲಗೆ ಕೇಳಿದರು, "ಹೆರ್ಮೀನ್ಯಾ, ಇದ್ರಲ್ಲಿ ಸೀಸೋ ಎಲ್ಲಮ್ಮಾ?"

ಎಲ್ಲೋ? ಜೀವನೋಪಾಯದಲ್ಲಿದ್ದಾನಾ? ಪರಿಣಾಮ ಬೀರಬಹುದು ಅಂತೆ! ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕೇಳಿದ್ದೆ, ನೀವು ಗೋಡೆಯನ್ನಷ್ಟೇ ಇಟ್ಟು ದೀಪವನ್ನು ಮನೆಗೆ ಒಯ್ದಿದ್ದೀರಿ. ಯಾರ ಅಭಿಪ್ರಾಯ ಎಂದಿಲ್ಲ, ಯಾರ ವಸ್ತು ಎಂದಿಲ್ಲ, ಯಾರ ಮೇಲೆ ಬಿತ್ತು ಎಂದಿಲ್ಲ. ನಮ್ಮ ದೊಡ್ಡಿ ಪುಸ್ತಕದಲ್ಲಿ "ಒಂದು ಪ್ರಾಣಿ ಎಲ್ಲಿಯೋ ಏನನ್ನೋ ಮೇಯ್ದಿರಬಹುದು ಎಂಬ ಅಭಿಪ್ರಾಯ ವ್ಯಕ್ತವಾಯಿತು" ಎಂದು ನಾನು ಬರೆದರೆ ಕ್ಯಾಪ್ಟನ್ ಉರ್ಬಾನೋ ನನ್ನ ಕೈಯಿಂದ ಪೆನ್ನು ಕಿತ್ತುಕೊಳ್ಳುತ್ತಾರೆ. ಥೂ!

ಪೂರ್ವಿಕರ ಜ್ಞಾನ ಅಂದೆಯಂತೆ. ಪೂರ್ವಿಕನ ಮಗ ಇಂಗ್ಗೋ ಇಲ್ಲೇ ಕೂತು ಬಲೆ ಹೊಲಿಯುತ್ತಿದ್ದಾನೆ. ನಿನಗೆ ಚಪ್ಪಾಳೆ ಬಿದ್ದದ್ದು ಹೇಳಿದೆ. "ಮತ್ತೆ ಕಳಚಿದ್ರಾ?" ಅಂದ.

ಇನ್ನು ಐವತ್ತು ದಿನ. ಸರ್ಕಾರಕ್ಕೆ ಬರೆದೆಯೋ ಇಲ್ಲವೋ? ಹೌದು ಅಥವಾ ಇಲ್ಲ ಅನ್ನು. ಅಷ್ಟಕ್ಕೆ ನೂರು ದೇಶದ ಒಪ್ಪಿಗೆ ಬೇಡ.

ಹೆರ್ಮೀನ್ಯಾ


ವಿಯೆನ್ನಾ
18 ಏಪ್ರಿಲ್ 2023

ಅಕ್ಕಾ,

ನಿನ್ನ ಮಾತಿನ ಧಾಟಿ ನೋವುಂಟುಮಾಡಿತು. ನಾನು ಇಲ್ಲಿ ಯಾವ ಒತ್ತಡದಲ್ಲಿದ್ದೇನೆ ಎಂಬುದು ನಿನಗೆ ಗೊತ್ತಿಲ್ಲ.

ಅಧ್ಯಕ್ಷತೆ ಬಹುತೇಕ ಖಚಿತವಾಗಿದೆ.

ಒಂದು ವಿಷಯ. ಯಾರಾದರೂ ಆ ವಸ್ತುವನ್ನು ನೋಡಲು ಬಂದರೆ ದಯವಿಟ್ಟು ಸಹಕರಿಸು. ಜಗಳ ಬೇಡ. ಅದನ್ನು ಕೊಟ್ಟುಬಿಟ್ಟರೆ ಎಲ್ಲರಿಗೂ ಒಳ್ಳೆಯದು.

ಕ್ರಿಸ್ಪೂಲೋ


ತಾಲುಸಿ
3 ಮೇ 2023

ಪುಲೋ,

ನಿನ್ನ ಏಪ್ರಿಲ್ ಹದಿನೆಂಟರ ಕಾಗದವೂ ಅವನೂ ಒಂದೇ ದೋಣಿಯಲ್ಲಿ ಬಂದರು. ಮೊನ್ನೆ ಬೆಳಿಗ್ಗೆ. ಬೂದು ಬಣ್ಣದ ಕೋಟು, ಆ ಸೆಕೆಯಲ್ಲಿ! ನಿನ್ನ ಮಿತ್ರರ ರಾಯಭಾರ ಕಚೇರಿಯವನು. ಜೊತೆಗೆ ಅವನ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಲು ರಾಜಧಾನಿಯಿಂದ ಬಂದಿದ್ದ ನಮ್ಮ ಕಡೆಯ ಹುಡುಗಿ. ಅವನು ಯಾರನ್ನೂ ವಿಚಾರಿಸಲಿಲ್ಲ, ನೇರ ನನ್ನ ಮೇಜಿಗೇ ಬಂದು ನಿಂತ. "ನೀರಿನಲ್ಲಿ ಕಟ್ಟಿರುವ ನಮ್ಮ ವಸ್ತು ಕೊಡಿ" ಅಂದ. ನೀರಿನಲ್ಲಿ! ಅದು ನೀರಿನಲ್ಲಿದೆ ಎಂದು ಈ ದ್ವೀಪದ ಹೊರಗೆ ಗೊತ್ತಿದ್ದದ್ದು ನಿನಗೊಬ್ಬನಿಗೆ. ಹುಡುಗಿ ಪಾಪ ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದಳು, "ವಿಯೆನ್ನಾದಲ್ಲಿ ನಿಮ್ಮ ತಮ್ಮ ಬಹಳ ಸಹಾಯ ಮಾಡಿದರಂತೆ ಮೇಡಂ."

ಕಾಫಿ ರುಚಿಯಾಗಿತ್ತೇನೋ?

ನಾನು ಬಾಯಿ ಮಾಡಲಿಲ್ಲ. ನಿನಗೆಂದು ಇಟ್ಟುಕೊಂಡ ಕೂಗನ್ನು ಇನ್ನೊಬ್ಬರ ಮೇಲೆ ಯಾಕೆ ಖರ್ಚು ಮಾಡಲಿ? ಇಂಗ್ಗೋನನ್ನು ಕಳಿಸಿದೆ, ಅವನು ಹೋಗಿ ಪಯಾವ್ ಕಳಚಿ, ಹಲಗೆಯನ್ನು ಎಳೆದು ತಂದು ಅಂಗಳದಲ್ಲಿ ಒರಗಿಸಿದ. ಚಿಪ್ಪುಹುಳ ಹತ್ತಿತ್ತು, ಆದರೂ ಹಸಿರು ಬಣ್ಣ ಹಾಗೇ ಇತ್ತು. ಕೋಟಿನವನು ಮೊಣಕಾಲೂರಿ ಸಂಖ್ಯೆ ಓದಿಕೊಂಡ, ತನ್ನ ಕಾಗದಕ್ಕೆ ಹೋಲಿಸಿದ, ಮುಖ ಅರಳಿತು. ಹೊರಡುತ್ತೇನೆ ಅಂದ.

ಆಗ ನಾನು ದೊಡ್ಡಿ ಪುಸ್ತಕ ತೆಗೆದೆ.

"ಇದು ದನಗಳ ಪುಸ್ತಕ ಅಲ್ವಾ?" ಅಂತ ಹುಡುಗಿಯ ಕೈಲಿ ಕೇಳಿಸಿದ. ಪುಟದ ಮೇಲ್ಗಡೆ ಕೋಣದ ಚಿತ್ರ ಅಚ್ಚಾಗಿದೆಯಲ್ಲ.

ಕ್ಯಾಪ್ಟನ್ ಉರ್ಬಾನೋ ಮೀಸೆಯಡಿ ಏನೂ ತೋರಿಸದೆ ಹೇಳಿದರು, "ಬೇರೆ ಪುಸ್ತಕ ನಮ್ಮಲ್ಲಿಲ್ಲ ಸ್ವಾಮಿ. ಕೇಳದೆ ಬಂದು ನುಗ್ಗಿದ್ದೆಲ್ಲಾ ಇದ್ರಲ್ಲೇ. ಸಹಿ ಹಾಕಿ ಬಿಡಿಸ್ಕೊಂಡು ಹೋಗಿ. ಬೇಗ ಆದ್ರೆ ಒಳ್ಳೇದು, ನೀರು ಇಳೀತಾ ಇದೆ, ಇಳಿದ್ರೆ ಸಂಜೆವರ್ಗೂ ದೋಣಿ ಕದಲಲ್ಲ."

ನಾನು ಯಾರನ್ನೂ ಮೋಸ ಮಾಡಲಿಲ್ಲ, ಕೇಳಿಕೋ. ಒಂದೊಂದು ಕಲಮನ್ನೂ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಸಿಕ್ಕ ಪ್ರಾಣಿ ಅಥವಾ ವಸ್ತು: ಆಕಾಶದ ಹಲಗೆ ಒಂದು, ಸಂಖ್ಯೆ ಇಂಥದ್ದು. ಬಂದ ದಿನ, ಜಾಗ: 2022 ಮೇ ಹತ್ತೊಂಬತ್ತು, ಬೆಳಿಗ್ಗೆ ಏಳೂವರೆ, ತಾಲುಸಿಯ ಪಡುವಣ ನೀರು. ಹಾಳು ಮಾಡಿದ್ದು: ಹಸಿರು ಬಾಂಕಾ ಒಂದು. ನಾರ್ಸೀಸೋ ಮಗ್ಬಾನುವಾ, ವಯಸ್ಸು ನಲವತ್ತೆಂಟು. ವಾರಸುದಾರರ ಒಪ್ಪಿಗೆ: ಇದು ನಮ್ಮದು, ಮೇಲೆ ಬರೆದದ್ದು ನಿಜ.

ಸೀಸೋನ ಹೆಸರು ಬಂದಾಗ ಹುಡುಗಿ ನನ್ನ ಮುಖ ನೋಡಿದಳು, ನನ್ನ ಕಪ್ಪು ಬಟ್ಟೆ ನೋಡಿದಳು. ಆಮೇಲೆ ಒಂದಕ್ಷರ ಬಿಡದೆ ಅವನಿಗೆ ಹೇಳಿದಳು. ಅವನು ಗಡಿಯಾರ ನೋಡಿಕೊಳ್ಳುತ್ತಿದ್ದ. ನಕ್ಕ. ಕೋಣದ ಚಿತ್ರ ಕಾಣುವಂತೆ ಪುಟದ ಫೋಟೋ ಹೊಡೆದುಕೊಂಡ, ಊರಲ್ಲಿ ತೋರಿಸಿ ನಗಲು. ಆಮೇಲೆ ಹೆಸರು, ಹುದ್ದೆ, ದೇಶ ಬರೆದು ಸಹಿ ಹಾಕಿದ. ಹಾಕುವಾಗ ಪುಸ್ತಕ ಅಲುಗಾಡದಂತೆ ನಾನೇ ಹಿಡಿದುಕೊಂಡಿದ್ದೆ.

ಅಲ್ಲಿ ಒಂದು ಪದಕ್ಕೆ ಮೂರು ದಿನ ಗುದ್ದಾಡುವ ಜನ ಇಲ್ಲಿ ಇಡೀ ಪುಟಕ್ಕೆ ನಗುತ್ತಾ ಸಹಿ ಹಾಕಿ ಹೋದರು. ಯಾಕೆಂದರೆ ಇದು ದನದ ಪುಸ್ತಕ, ಇಲ್ಲಿರುವವರು ಕಪ್ಪು ಬಟ್ಟೆಯ ಹೆಂಗಸು ಮತ್ತು ಮೀಸೆಯ ಮುದುಕ. ನಮ್ಮನ್ನು ಮನುಷ್ಯರೆಂದು ಎಣಿಸಿದ್ದರೆ ಅವನು ಓದಿ ಸಹಿ ಹಾಕುತ್ತಿದ್ದ.

ಪುಟದ ಪ್ರತಿಗೆ ಕ್ಯಾಪ್ಟನ್ ಮುದ್ರೆ ಒತ್ತಿದ್ದಾರೆ, ಹಲಗೆಯ ಫೋಟೋಗಳೂ ಇವೆ. ನಾಳೆ ಬೆಳಿಗ್ಗೆ ನಾನೇ ದೋಣಿ, ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಿ, ಎಲ್ಲಕ್ಕಿಂತ ಬೇಗ ತಲುಪುವ ಅಂಚೆಯಲ್ಲಿ, ಮರಳಿ ಬರುವ ಸ್ವೀಕೃತಿ ಚೀಟಿ ಅಂಟಿಸಿ ಕಳಿಸುತ್ತೇನೆ. ರಾಜಧಾನಿಯ ಇಲಾಖೆಗೆ ನಾನು ಬರೆದರೆ ಕಸದ ಬುಟ್ಟಿ, ನೀನು ಬರೆದರೆ ಮೇಜು. ಮೇ ಹತ್ತೊಂಬತ್ತರವರೆಗೆ ಕಾಲವಿದೆ. ಇದೊಂದು ಮಾಡು, ನೀನು ಮಾಡಿದ್ದನ್ನು ಮರೆತುಬಿಡುತ್ತೇನೆ, ಪುಲೋ. ಒಡಹುಟ್ಟಿದವಳ ಮಾತು. ಸರ್ಕಾರಕ್ಕೆ ಒಂದು ಕಾಗದ ಬರೆ.

ಅಕ್ಕ


ವಿಯೆನ್ನಾ
26 ಮೇ 2023

ಪ್ರೀತಿಯ ಅಕ್ಕನಿಗೆ,

ಬರೆಯಲು ಕೈ ಬರುತ್ತಿಲ್ಲ. ನಿನ್ನ ಲಕೋಟೆ ನನ್ನ ಕೈಗೆ ಸಿಕ್ಕಿದ್ದು ಮೇ ಇಪ್ಪತ್ತೆರಡಕ್ಕೆ. ಅವಧಿ ಮುಗಿದು ಮೂರು ದಿನ. ಅಂಚೆಯವರ ನಿಧಾನಕ್ಕೆ ಏನು ಹೇಳಲಿ! ಒಂದು ವಾರ ಮೊದಲು ಸಿಕ್ಕಿದ್ದರೆ ನಾನೇ ಇಲಾಖೆಗೆ ಫೋನು ಮಾಡುತ್ತಿದ್ದೆ.

ಆ ಅಧಿಕಾರಿಗೆ ವಿಷಯ ತಿಳಿಸಿದವನು ನಾನೇ ಎಂದು ನೀನು ಭಾವಿಸಿದ್ದೀಯ. ಮಾತಿನ ಮಧ್ಯೆ ಬಂದಿರಬಹುದು. ಉದ್ದೇಶ ಒಳ್ಳೆಯದೇ ಆಗಿತ್ತು.

ನಿನ್ನೆ ಕಾರ್ಯತಂಡದ ಅಧ್ಯಕ್ಷನಾಗಿ ಆಯ್ಕೆಯಾದೆ. ಯಾರೂ ವಿರೋಧಿಸಲಿಲ್ಲ. ಭಾವ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರು ಎಂದು ನೆನೆದು ಕಣ್ಣು ತುಂಬಿತು. ಮುಂದಿನ ವರ್ಷ ರಜೆ ಸಿಕ್ಕರೆ ಬರುತ್ತೇನೆ. ಗೋರಿಗೆ ಒಳ್ಳೆಯ ಕಲ್ಲು ಹಾಕಿಸೋಣ, ಖರ್ಚು ನನ್ನದು.

ನಿನ್ನ ತಮ್ಮ,
ಕ್ರಿಸ್ಪೂಲೋ


ತಾಲುಸಿ
22 ಜೂನ್ 2023

ಕ್ರಿಸ್ಪೂಲೋ,

ಎರಡು ವಿಷಯ ತಿಳಿಸಿ ಮುಗಿಸುತ್ತೇನೆ.

ಮೇ ಏಳರಂದು ಸಂಘದವರು ಸೇರಿದರು. ಕ್ಯಾಪ್ಟನ್ ದೊಡ್ಡಿ ಪುಸ್ತಕದ ಪುಟವನ್ನು ಗಟ್ಟಿಯಾಗಿ ಓದಿದರು. ಈ ಸಲ ಸೀಸೋ ಎಲ್ಲಿದ್ದಾನೆ ಎಂದು ಯಾರೂ ಕೇಳಲಿಲ್ಲ. ಇಂಗ್ಗೋ ಏಣಿ ಹಾಕಿ ಹತ್ತಿ, ಐದನೆಯ ಸಾಲನ್ನು ಉಜ್ಜು ಕಾಗದದಿಂದ ಮರದ ಬಣ್ಣ ಕಾಣುವವರೆಗೆ ಉಜ್ಜಿದ. "ಒಂದೇ ಹಲಗೆ" ಅಂದಿದ್ದನಲ್ಲ, ಅವನೇ ಏಣಿ ಹಿಡಿದುಕೊಂಡಿದ್ದ. ಮರುದಿನ ನನ್ನ ಒಣಮೀನನ್ನು ತೂಗಿದರು. ನಾನು ತಕ್ಕಡಿಯ ಮುಂದೆಯೇ ಕೂತು ಅತ್ತುಬಿಟ್ಟೆ, ಒಂದು ವರ್ಷದ್ದೆಲ್ಲ. ಪಟ್ಟಣದ ಕಡತದಲ್ಲಿ ಮಾತ್ರ ಅವನು ಇವತ್ತಿಗೂ ಮದ್ದಿನವನು. ಅದನ್ನು ತಿದ್ದಲು ಬೇಕಾಗಿದ್ದದ್ದು ನಿನ್ನ ಒಂದು ಕಾಗದ.

ಎರಡನೆಯದು. ನಾನು ಲಕೋಟೆಗೆ ಅಂಟಿಸಿದ್ದ ಸ್ವೀಕೃತಿ ಚೀಟಿ ಮೊನ್ನೆ ಮರಳಿ ಬಂತು. ತಲುಪಿದ ದಿನ ಮೇ ಹನ್ನೊಂದು. ಕೆಳಗೆ ನಿನ್ನ ಸಹಿ. ಬಾಲವನ್ನು ಮೂರು ಸುತ್ತು ಸುತ್ತುವ ಆ ಸಹಿಯನ್ನು ನೀನು ಕಲಿತದ್ದು ನನ್ನ ಪಾಟಿಯ ಮೇಲೆ. ಎಂಟು ದಿನ ನಿನ್ನ ಮೇಜಿನ ಮೇಲೆ ಸೀಸೋ ಇದ್ದ. ನೀನು ಅಧ್ಯಕ್ಷನಾಗುವುದನ್ನು ಕಾಯುತ್ತಾ ಕೂತಿದ್ದ. "ಈ ಮೇಕೆ ನಂದಲ್ಲ" ಅಂದವನು ನೀನು, ನಾನೇ ಮರೆತಿದ್ದೆ.

ಒಂದಕ್ಕೆ ಮಾತ್ರ ನಿನಗೆ ಋಣಿ. ನೀನು ನನ್ನನ್ನು ಮಾರಿಕೊಳ್ಳದಿದ್ದರೆ ಅವನು ಇಲ್ಲಿಗೆ ಬರುತ್ತಿರಲಿಲ್ಲ. ಬಾರದಿದ್ದರೆ ಸಹಿ ಸಿಗುತ್ತಿರಲಿಲ್ಲ. ನೀನು ಈ ಮನೆಗೆ ಮಾಡಿದ ಒಂದೇ ಉಪಕಾರ ನಿನಗೆ ಗೊತ್ತಿಲ್ಲದೆ ಆದದ್ದು. ಗೋರಿಗೆ ಕಲ್ಲು ಬೇಡ. ಚಂದ್ರನಲ್ಲಿ ಬೇಕಾಗುತ್ತದೆ, ಇಟ್ಟುಕೋ.

ಈ ದಿನ ದೊಡ್ಡಿ ಪುಸ್ತಕದ ಹೊಸ ಪುಟದಲ್ಲಿ ನಾನು ಬರೆದದ್ದರ ನಕಲು ಕೆಳಗಿದೆ.

ಸಿಕ್ಕ ಪ್ರಾಣಿ ಅಥವಾ ವಸ್ತು: ತಮ್ಮ ಒಬ್ಬ, ವಯಸ್ಸು ನಲವತ್ತೊಂದು, ಒಳ್ಳೆಯ ಕೋಟು ಇದೆ.
ಬಂದ ದಿನ, ಜಾಗ: ಬಂದಿಲ್ಲ.
ಹಾಳು ಮಾಡಿದ್ದು: ಎಂಟು ದಿನ.
ವಾರಸುದಾರರ ಒಪ್ಪಿಗೆ, ಸಹಿ:

ಇಲ್ಲಿ ಅಕ್ಕನಾದ ನಾನು ಸಹಿ ಹಾಕಬೇಕಿತ್ತು. ಹಾಕಿಲ್ಲ.

ಹೆರ್ಮೀನ್ಯಾ ಮಗ್ಬಾನುವಾ
ಕಾರ್ಯದರ್ಶಿ, ತಾಲುಸಿ ಬಾರಂಗಾಯ್